ಟಾವೆಲ್ ಹಾಸಿ ಹಿಡಿದ ಜಾಗ

ಮಾರ್ಚ್ 4, ಮಂಗಳವಾರ

ಸಕಲ ಪ್ರಜೆಗಳಿಗೂ ತಿಳಿಯಪಡಿಸುವುದೇನೆಂದರೆ, ಅಕ್ಕಲಕೋಟದ ಶಾಂತಲಿಂಗಪ್ಪನವರ ಕಿರಿಯ ಮಗನೂ, ಸೊಲ್ಲಾಪುರದಲ್ಲಿರುವ ಅವರ ಟಾವೆಲ್ ಅಂಗಡಿಯ ಮೂಲೆಯ ಸ್ಟೂಲಿಗೆ ಏಕಮಾತ್ರ ಅಧಿಪತಿಯೂ, ಇಪ್ಪತ್ತಮೂರು ವರ್ಷ ಪ್ರಾಯದವನೂ ಆದ ನಿಲೇಶನೆಂಬ ನಾನು ಇಂದು ಮಧ್ಯಾಹ್ನ ಎರಡೂ ಕಾಲಿಗೆ ಗ್ರಂಥಕರ್ತನಾದೆ. ಸಕಲ ಪ್ರಜೆಗಳು ಎಂದರೆ ಈ ಡೈರಿ. ನೂಲಿನ ವ್ಯಾಪಾರಿಯೊಬ್ಬರು ಹೊಸ ವರ್ಷಕ್ಕೆ ಅಪ್ಪನಿಗೆ ಕೊಟ್ಟದ್ದು. ಪ್ರತಿ ಪುಟದ ಮೂಲೆಯಲ್ಲೂ ಒಂದು ನೂಲಿನ ಉಂಡೆಯ ಚಿತ್ರ. ಅಂದರೆ ಪ್ರಜೆಗಳ ಸಂಖ್ಯೆ ಮುನ್ನೂರ ಅರವತ್ತೈದು ಉಂಡೆ.

ಆದದ್ದು ಹೀಗೆ. ಲಗ್ನಪತ್ರಿಕೆ ಅಚ್ಚು ಹಾಕುವ ಶಿವಶರಣಪ್ಪ ಕಾಕಾ ಅಂಗಡಿಗೆ ಬಂದು, ‘ನೂರಾ ಒಂದು ಒಡಪು’ ಅಂತ ಒಂದು ಪುಸ್ತಕ ಬರೆದುಕೊಡು ಎಂದರು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಸುಮ್ಮಸುಮ್ಮನೆ ಹೇಳುವುದಿಲ್ಲ. ಹೇಳಲೇಬೇಕಾದಾಗ ಪ್ರಾಸದ ಸಾಲುಗಳೊಳಗೆ ಇಟ್ಟು ಹೇಳುತ್ತಾಳೆ. ಅದೇ ಒಡಪು. ಹೊಸ ಸೊಸೆ ಬಂದಾಗ ನಾದಿನಿ ಹೊಸ್ತಿಲಲ್ಲಿ ಅಡ್ಡ ನಿಲ್ಲುತ್ತಾಳೆ. ಒಡಪು ಕಟ್ಟಿ ಹೆಸರು ಹೇಳಿದ ಮೇಲೆಯೇ ಬಾಗಿಲು ಬಿಡುವುದು. ಈಗಿನ ಹುಡುಗಿಯರಿಗೆ ಒಡಪು ಬರುವುದಿಲ್ಲ. ಕನ್ನಡ ಸಾಲಿಯಲ್ಲಿ ಹತ್ತನೆಯವರೆಗೆ ಓದಿ, ತಂಗಿ ನಂದಾಳ ಗೆಳತಿಯರಿಗೆಲ್ಲ ಪುಕ್ಕಟೆ ಒಡಪು ಬರೆದುಕೊಟ್ಟು ಹೆಸರಾದ ಮಹಾಪುರುಷ ನಾನೊಬ್ಬನೇ.

ಗಂಡನ ಹೆಸರು ಬರುವ ಕಡೆ ಚುಕ್ಕಿ ಇಡಬೇಕಂತೆ. ಪುಸ್ತಕ ಕೊಂಡವರು ತಮ್ಮ ತಮ್ಮ ಗಂಡನನ್ನು ಅಲ್ಲಿ ಕೂರಿಸಿಕೊಳ್ಳುತ್ತಾರೆ. ಹೊದಿಕೆಯ ಮೇಲೆ ಮಾತ್ರ ಚುಕ್ಕಿಯಲ್ಲ, ನನ್ನ ಹೆಸರು, ದಪ್ಪ ಅಕ್ಷರದಲ್ಲಿ. ಬಸ್ಸಿನಲ್ಲಿ ಅಕ್ಕಲಕೋಟಕ್ಕೆ ಮರಳುವಾಗ ಆ ಹೆಸರಿನ ಕುರಿತು ಆಳವಾಗಿ ಚಿಂತಿಸಿದೆ. ‘ನಿಲೇಶ’ ಎಂಬುದು ಮೊಬೈಲ್ ರಿಪೇರಿ ಅಂಗಡಿಯ ಬೋರ್ಡಿನಂತಿದೆ. ಮನೆಯವರು ಕರೆಯುವ ‘ನಿಲ್ಯಾ’ವನ್ನು ಇತಿಹಾಸ ಕ್ಷಮಿಸುವುದಿಲ್ಲ. ‘ಶ್ರೀಮದ್ ಒಡಪಾಚಾರ್ಯ’ ಎಂದು ತೀರ್ಮಾನವಾಯಿತು. ಕೆಳಗೆ ಹನ್ನೊಂದು ಸಹಿಗಳಿವೆ. ಏಳನೆಯದು ಅತ್ಯುತ್ತಮ; ಅದರ ಬಾಲ ನೂಲಿನ ಉಂಡೆಯವರೆಗೂ ಹೋಗಿದೆ.

ಮಾರ್ಚ್ 7, ಶುಕ್ರವಾರ

ಆಚಾರ್ಯರ ಮೊದಲ ಹತ್ತು ಕೃತಿಗಳು ತಿರಸ್ಕೃತವಾದವು. ಅದರಲ್ಲಿ ನನ್ನ ಜೀವಮಾನದ ಸಾಧನೆಯಾದ ಇದೂ ಇತ್ತು:

ನೋಡಾಕ ಬಂದಾಗ ಇತ್ತು ತಲಿತುಂಬ ಕೂದಲ,
........ರ ವಿಗ್ಗು ಹಾರಿದ ಮ್ಯಾಲ ಆತು ಎಲ್ಲಾ ಬದಲ.

ಕಾಕಾ ಓದಿ ಟೊಪಗಿ ಸರಿಪಡಿಸಿಕೊಂಡರು. ಟೊಪಗಿಯ ಕೆಳಗೆ ಅವರಿಗೂ ಕೂದಲಿಲ್ಲ ಎಂಬುದು ಆಗ ನೆನಪಾಯಿತು. ಆದರೂ ಸಿಟ್ಟಾಗಲಿಲ್ಲ. ಚಹಾ ತರಿಸಿ, ಮಗುವಿಗೆ ಮಗ್ಗಿ ಹೇಳಿಕೊಡುವಂತೆ ಹೇಳಿದರು: “ನಿಲೇಶ, ಇದು ಲಗ್ನದ ಪುಸ್ತಕ. ಓದಿ ಯಾರೂ ಅಳಬಾರದು, ಯಾರೂ ಬಡದಾಡಬಾರದು. ಬೆಳ್ಳಿ ಹಾಕು, ಬಂಗಾರ ಹಾಕು, ಮಲ್ಲಿಗಿ ಹಾಕು, ನಡುವ ಒಬ್ಬ ದೇವರ್ನ ಕುಂಡ್ರಸು. ಮುಗೀತು.”

ಹಾಗೆಯೇ ಮಾಡಿದೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ ಒಂದು ತಾಸಿನಲ್ಲಿ ಆರು ಉದುರಿದವು:

ಬೆಳ್ಳಿ ಬಟ್ಟಲದಾಗ ಬದಾಮಿ ಹಾಲು, ಮ್ಯಾಲ ಕೇಸರಿ ಎಳಿ,
........ರ ಹೆಸರು ಹೇಳತೀನಿ, ಸುರೀಲಿ ಅಕ್ಕಿಕಾಳಿನ ಮಳಿ.

ಫೋನಿನಲ್ಲಿ ಓದಿ ಹೇಳಿದರೆ ಕಾಕಾ, “ಇದು ನೋಡು, ಏಕದಮ್ ಬರೋಬರ” ಎಂದರು. ನನ್ನ ಮನೆಯಲ್ಲಿ ಬೆಳ್ಳಿ ಬಟ್ಟಲಿಲ್ಲ. ಬದಾಮಿ ಹಾಲು ಕುಡಿದರೆ ನನಗೆ ಹೊಟ್ಟೆ ಕೆಡುತ್ತದೆ.

ಮಾರ್ಚ್ 11, ಮಂಗಳವಾರ

ಮೂವತ್ತೆಂಟು ಆದವು. ಮಗ್ಗದ ಓಣಿಯಲ್ಲಿ ನಡೆಯುತ್ತ ಬರೆದರೆ ಬೇಗ ಆಗುತ್ತದೆ ಎಂದು ಕಂಡುಹಿಡಿದಿದ್ದೇನೆ. ಎರಡೂ ಬದಿ ಪವರ್‌ಲೂಮುಗಳು ಖಟಕ್ ಖಟಕ್ ಎನ್ನುತ್ತವೆ. ಆ ತಾಳಕ್ಕೆ ಬೆಳ್ಳಿ ಬಟ್ಟಲು, ಬಂಗಾರದ ಬಟ್ಟಲು ಒಂದರ ಹಿಂದೊಂದು ಬಂದು ಬೀಳುತ್ತವೆ. ಗಾಳಿಯಲ್ಲಿ ಹತ್ತಿಯ ಎಳೆಗಳು ಹಾರಾಡಿ ಹುಬ್ಬಿನ ಮೇಲೆ ಕೂರುತ್ತವೆ. ಒಂದು ಬಾಗಿಲ ಮುಂದೆ ನಿಂತು ನೋಡಿದೆ. ಒಂದೇ ಗುಲಾಬಿ ಹೂವು, ಒಂದೇ ಅಂಚು, ಒಂದಾದ ಮೇಲೊಂದು ಟಾವೆಲಿನ ಮೇಲೆ ಹುಟ್ಟುತ್ತಿತ್ತು. ಎಷ್ಟೋ ಹೊತ್ತು ನಿಂತೆ. ಯಾವ ಮನೆಯ, ಯಾರ ಮುಖ ಒರೆಸಲು ಹೋಗುತ್ತಿದ್ದೇವೆ ಎಂದು ಆ ಹೂವುಗಳು ಕೇಳುತ್ತಲೇ ಇರಲಿಲ್ಲ. ಬಿಸಿಲಿಗೆ ನನಗೆ ಜೋಂಪು ಹತ್ತಿರಬೇಕು.

ಮಾರ್ಚ್ 16, ರವಿವಾರ

ಇಂದು ಆಚಾರ್ಯರಿಗೆ ಅವಮಾನವಾಯಿತು. ಮಾಡಿದವರು ದ್ರೌಪದಿ ಅತ್ತಿ.

ಅತ್ತಿ ಎಂದರೆ ಅಪ್ಪನ ತಂಗಿ. ಅವರ ಗಂಡ, ನಮ್ಮ ಮಾಮಾ, ಎಸ್‌ಟಿ ಬಸ್ಸಿನ ಕಂಡಕ್ಟರ್ ಆಗಿದ್ದರು. ಅವರು ತೀರಿ ಆರು ವರ್ಷ. ಅಂದಿನಿಂದ ಅತ್ತಿ ನಮ್ಮ ಜೊತೆ ಅಕ್ಕಲಕೋಟದಲ್ಲೇ ಇದ್ದಾರೆ. ಒಂದು ಕಾಲಕ್ಕೆ ಓಣಿಯ ಯಾವ ಮದುವೆಯಲ್ಲೂ ಒಡಪು ಹೇಳಲು ಮೊದಲು ಕರೆಯುತ್ತಿದ್ದುದು ಅವರನ್ನೇ. ಗಂಡ ಹೋದ ಮೇಲೆ ಹೆಂಗಸನ್ನು ಯಾರೂ ಹೆಸರು ಹೇಳು ಎನ್ನುವುದಿಲ್ಲ. ಬಯ್ಯುವುದಿಲ್ಲ, ತಡೆಯುವುದೂ ಇಲ್ಲ. ಸುಮ್ಮನೆ ಕೇಳುವುದನ್ನು ಬಿಡುತ್ತಾರೆ. ನಮ್ಮ ಅವ್ವ ಕಸ್ತೂರಬಾಯಿ ಶುಭಕಾರ್ಯದ ದಿನ ಅತ್ತಿಗೆ ಅಡುಗೆಮನೆಯಲ್ಲಿ ಮುಗಿಯದಷ್ಟು ಕೆಲಸ ಹಚ್ಚುತ್ತಾಳೆ, ಅಷ್ಟೇ.

ಅತ್ತಿ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ಎದುರು ಕುಳಿತು ನಾನು ಆ ತನಕದ ನಲವತ್ತೂ ಒಡಪುಗಳನ್ನು ಭಾವ ತುಂಬಿ ಓದಿದೆ. ಸಿಪ್ಪೆಯ ಗುಡ್ಡೆ ಬೆಳೆಯಿತು. ಕೊನೆಗೆ ಕೈ ಝಾಡಿಸಿಕೊಂಡು ಅಂದರು: “ಎಲ್ಲಾ ಚೆಂದ ಅದಾವ. ಇವರೆಲ್ಲಾರೂ ಒಬ್ಬನ್ನ ಲಗ್ನ ಆಗ್ಯಾರೇನೋ, ನಿಲ್ಯಾ?”

ನಂದಾ ಒಳಗಿನಿಂದ ನಕ್ಕಳು. ನಾನು ಗಂಭೀರವಾಗಿ, ಮಾರುಕಟ್ಟೆಯ ಅಗತ್ಯ, ಸಾರ್ವಜನಿಕ ಅಭಿರುಚಿ ಇತ್ಯಾದಿ ವಿವರಿಸಿದೆ. ಅತ್ತಿ ಕೇಳಿಸಿಕೊಳ್ಳಲಿಲ್ಲ. ಇನ್ನೊಂದು ಬೊಗಸೆ ಶೇಂಗಾ ಮೊರಕ್ಕೆ ಸುರಿದುಕೊಂಡು, “ನನಗೊಂದು ಬರೀ” ಎಂದರು.

ಚೇಷ್ಟೆ ಎಂದುಕೊಂಡು ನಾನು ಜೋರಾಗಿ ನಕ್ಕೆ. ಅವರು ನಗಲಿಲ್ಲ. ಶೇಂಗಾ ಒಡೆಯುತ್ತಲೇ ಇದ್ದರು.

ಮಾರ್ಚ್ 17, ಸೋಮವಾರ

ಬರೆಯಲು ಕುಳಿತೆ. ಬೆಳ್ಳಿ ಬಟ್ಟಲು ಬಂತು, ಕಳಿಸಿದೆ. ಮಲ್ಲಿಗೆ ಬಂತು, ಅತ್ತಿ ಮುಡಿಯುವುದಿಲ್ಲ. ಚಂದ್ರ ಬಂದ. ಮಾಮಾ ಚಂದ್ರನಂತೆ ಇರಲಿಲ್ಲ. ಹೇಗಿದ್ದರು ಎಂದು ನೆನೆದರೆ ಖಾಕಿ ಅಂಗಿ, ಎಡಗೈಯ ಬೆರಳ ಸಂದಿಯಲ್ಲಿ ಮಡಿಸಿಟ್ಟ ನೋಟು, ಅಷ್ಟೇ.

ಮಧ್ಯಾಹ್ನ ಟಾವೆಲಿನ ಗಂಟುಗಳ ಮೇಲೆ ಮಲಗಿ ಕನಸು ಕಂಡೆ. ಬಸ್ಸಿನ ತುಂಬ ಮದುಮಕ್ಕಳು, ಎಲ್ಲರಿಗೂ ಬಾಸಿಂಗ, ಮುಖವಿರುವ ಕಡೆ ಚುಕ್ಕಿ. ಸಾಲಾಗಿ ಕೈಚಾಚಿ ತಿಕೀಟು ಕೇಳುತ್ತಿದ್ದರು. ಎಲ್ಲಿಗೆ ಎಂದು ನಾನು ಕೇಳಿದರೆ ಚುಕ್ಕಿಗಳು ಅಲುಗಾಡುತ್ತಿದ್ದವು, ಮಾತು ಬರುತ್ತಿರಲಿಲ್ಲ. ಕಿಟಕಿಯ ಹೊರಗೆ ಜೋಳದ ಹೊಲ ನೀರಿನಂತೆ ಹರಿಯುತ್ತಿತ್ತು. ಅಪ್ಪ ಬಂದು ಎಬ್ಬಿಸಿದಾಗ ನನ್ನ ಕೆನ್ನೆಯ ಮೇಲೆ ಗುಲಾಬಿ ಹೂವಿನ ಗುರುತು ಬಿದ್ದಿತ್ತು. ಗಿರಾಕಿಯೊಬ್ಬರು ಆ ಡಿಸೈನ್ ಇದೆಯೇ ಎಂದು ಕೇಳಿದರು.

ಮಾರ್ಚ್ 23, ರವಿವಾರ

ನಾಚಿಕೆ ಬಿಟ್ಟು ಅತ್ತಿಯನ್ನೇ ಕೇಳಿದೆ, ಮಾಮಾ ಹೇಗಿದ್ದರು ಅಂತ. ಹಪ್ಪಳ ಒಣಹಾಕುತ್ತ, ನನ್ನ ಕಡೆ ನೋಡದೆ ಹೇಳಿದರು.

ನಿಲ್ದಾಣಕ್ಕೆ ಬಸ್ಸು ಬರುತ್ತಲೇ ಜನ ಹೊರಗಿನಿಂದಲೇ ಕಿಟಕಿಯೊಳಗೆ ಟಾವೆಲು ಒಗೆದು, ಅಂದರೆ ಎಸೆದು, ಸೀಟು ಹಿಡಿಯುತ್ತಾರಲ್ಲ, ಅದು ಮಾಮಾಗೆ ಆಗುತ್ತಿರಲಿಲ್ಲ. ಹತ್ತಿ ನಿಂತವನಿಗೆ ಸೀಟು, ಬಟ್ಟೆಗಲ್ಲ ಎಂದು ಎಲ್ಲವನ್ನೂ ಎತ್ತಿ ಹೊರಗೆ ಎಸೆಯುತ್ತಿದ್ದರು. ಊರಿನ ದೊಡ್ಡವರ ಟಾವೆಲನ್ನೂ ಬಿಟ್ಟವರಲ್ಲ. ಆದರೆ ಅತ್ತಿ ಸೊಲ್ಲಾಪುರಕ್ಕೆ ಹೋಗುವ ದಿನ, ವರುಷಕ್ಕೆ ಎರಡು ಸಲವೋ ಮೂರು ಸಲವೋ, ಎಡಬದಿಯ ಮೂರನೇ ಕಿಟಕಿಯಲ್ಲಿ ಅವರ ಸ್ವಂತ ಟಾವೆಲು ಹಾಸಿರುತ್ತಿತ್ತು. ಅತ್ತಿ ಬಂದು ಕೂರುವರು. ಮಾಮಾ ಟಾವೆಲು ತೆಗೆದು ಹೆಗಲಿಗೆ ಹಾಕಿಕೊಂಡು, ತಮ್ಮ ಜೇಬಿನ ರೊಕ್ಕದಲ್ಲಿ ಪೂರಾ ತಿಕೀಟು ಹರಿದು ಅಂಗೈಯಲ್ಲಿಟ್ಟು, ಗುರುತೇ ಇಲ್ಲದವರ ಹಾಗೆ ಮುಂದೆ ಹೋಗಿಬಿಡುವರು. ಒಮ್ಮೆ ಯಾರೋ ಮುದುಕ, ಅವರು ಯಾರಪಾ ಎಂದು ಕೇಳಿದ್ದಕ್ಕೆ, “ಸೊಲ್ಲಾಪುರದ ಪ್ಯಾಸೆಂಜರ್” ಅಂದರಂತೆ.

ಇದನ್ನು ಹೇಳುವಾಗ ಅತ್ತಿ ಎಷ್ಟು ನಕ್ಕರೆಂದರೆ ಒಂದು ಹಪ್ಪಳ ಹರಿಯಿತು. ಮಾಮಾರನ್ನು ‘ಅವರು’ ಎಂದೇ ಹೇಳುತ್ತಿದ್ದರು. ಹೆಸರು ಹೇಳಲು ಒಡಪೊಂದೇ ದಾರಿ. ಆ ದಾರಿ ಮುಚ್ಚಿ ಆರು ವರ್ಷವಾಯಿತು. ಇದನ್ನು ನಾನು ಈ ತನಕ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಆಮೇಲೆ ಮಾಳಿಗೆಯ ಮೇಲೆ ಕುಳಿತೆ. ಬಿಸಿಲಿಗೆ ದೂರದ ರಸ್ತೆ ಅಲೆಯಾಡುತ್ತಿತ್ತು. ಅದರ ಮೇಲೆ ಕೆಂಪು ಬಸ್ಸೊಂದು ನೆಲ ಮುಟ್ಟದೆ ತೇಲಿಕೊಂಡು ಹೋಯಿತು. ನಾನು ಬರೆದೆನೋ, ಯಾರೋ ಹೇಳಿದ್ದು ಕೇಳಿಸಿಕೊಂಡೆನೋ ಗೊತ್ತಿಲ್ಲ:

ಎಲ್ಲಾರ ಟಾವೆಲ್ ಕೆಳಗ ಒಗದು ನನಗೊಂದು ಹಾಸ್ಯಾರ,
ತಿಕೀಟ ಹರದು ಕೈಯಾಗಿಟ್ಟು ಗುರ್ತಿಲ್ಲದಂಗ ಹೋಗ್ಯಾರ,
ಡಬಲ್ ಬೆಲ್ ಹೊಡದು ಕಿಡಕಿ ಗಾಳಿ ನನ್ನ ಕಡೆ ಬಿಟ್ಟಾರ,
ಚನ್ನವೀರಪ್ಪ ಅಂತ ಅವರ ಹೆಸರು, ನನ್ನ ಜಾಗಾ ಹಿಡದಿಟ್ಟಾರ.

ನಾಲ್ಕು ಸಾಲಾಗಿದೆ. ಒಡಪಿಗೆ ಎರಡೇ ಸಾಕು. ದೇವರೂ ಇಲ್ಲ, ಬಂಗಾರವೂ ಇಲ್ಲ. ಸಹಿ ಹಾಕುವುದು ಮರೆತಿದ್ದೆ, ಈಗ ಹಾಕುವ ಮನಸ್ಸಿಲ್ಲ.

ಮಾರ್ಚ್ 27, ಗುರುವಾರ

ನೂರಾ ಒಂದೂ ಒಪ್ಪಿಸಿದೆ. ಅತ್ತಿಯದನ್ನು ಎಪ್ಪತ್ತಮೂರನೆಯದಾಗಿ, ಎರಡು ಬೆಳ್ಳಿ ಬಟ್ಟಲುಗಳ ನಡುವೆ ಬಚ್ಚಿಟ್ಟಿದ್ದೆ. ಕಾಕಾ ಬಟ್ಟಲುಗಳನ್ನು ದಾಟಿ ನೇರ ಅಲ್ಲಿಗೇ ಬಂದು ನಿಂತರು. ಮಾಮಾ ಅವರಿಗೆ ಗೊತ್ತಿದ್ದವರು. ಒಮ್ಮೆ ಅವರ ಟಾವೆಲೂ ಹೊರಗೆ ಬಿದ್ದಿತ್ತಂತೆ.

ಟೊಪಗಿ ತೆಗೆದು ಮೇಜಿನ ಮೇಲಿಟ್ಟು ಅಂದರು: “ದ್ರೌಪದಿ ತಂಗಿ ಮ್ಯಾಲ ನನಗೂ ಮಾಯಾ ಐತಿ, ನಿಲೇಶ. ಖರೇ ಹೇಳಬೇಕಂದ್ರ ನೂರರಾಗ ಇದೊಂದ ಛಲೋ ಐತಿ. ಆದ್ರ ಹೋದವರ ಹೆಸರು ಲಗ್ನದ ಪುಸ್ತಕದಾಗ ಇಡಾಕ ಬರಂಗಿಲ್ಲ. ಚುಕ್ಕಿ ಇಡು, ಇಲ್ಲಾ ತಗದಬಿಡು.”

ಛಲೋ ಇದ್ದುದನ್ನು ಏಕೆ ತೆಗೆಯಬೇಕೆಂದು ಕೇಳಬಹುದಿತ್ತು. ಕೇಳಲಿಲ್ಲ. ಅವರ ಮೇಜಿನ ಮೇಲೆ ಹೊದಿಕೆಯ ಮಾದರಿ ಇತ್ತು: ಕೆಂಪು ಬಣ್ಣ, ತೋರಣ, ಕೆಳಗೆ ‘ರಚನೆ: ನಿಲೇಶ’ ಎಂದು ದಪ್ಪಗೆ. ಒಡಪಾಚಾರ್ಯನನ್ನು ಕಾಕಾ ಮೊದಲೇ ಹೊಡೆದುಹಾಕಿದ್ದರು. ಆದರೂ ಅಚ್ಚಾದ ಹೆಸರಿಗೆ ಒಂದು ತೂಕವಿರುತ್ತದೆ. ನನ್ನ ಪೆನ್ನಿನಿಂದಲೇ ಆ ನಾಲ್ಕನೇ ಸಾಲಿನಲ್ಲಿ ಎಂಟು ಚುಕ್ಕಿ ಇಟ್ಟೆ. ಚುಕ್ಕಿ ಇಡುವುದು ಸುಲಭ.

ಮಾರ್ಚ್ 30, ರವಿವಾರ. ಪಾಡ್ಯ

ಬೇವು ಬೆಲ್ಲ ತಿಂದಾಯಿತು. ಕರಡು ಪುಟಗಳನ್ನು ಅತ್ತಿಗೆ ಕೊಟ್ಟೆ. ಮನೆಯಲ್ಲಿ ನನ್ನ ಬಿಟ್ಟರೆ ಕನ್ನಡ ಸರಿಯಾಗಿ ಓದುವವರು ಅವರೇ. ಚಷ್ಮಾ ಹಾಕಿ, ಬೆರಳಿಟ್ಟು ಓದುತ್ತ ಎಪ್ಪತ್ತಮೂರಕ್ಕೆ ಬಂದರು. ಮೂರು ಸಾಲು ತುಟಿ ಅಲುಗಾಡಿತು. ನಾಲ್ಕನೆಯದರಲ್ಲಿ ಬೆರಳು ಚುಕ್ಕಿಗಳ ಮೇಲೆ ನಿಂತಿತು.

ನಾನು ಗಡಿಬಿಡಿಯಲ್ಲಿ ಎಲ್ಲ ಹೇಳಿದೆ. ಕಾಕಾ ಹೇಳಿದ್ದು, ಪುಸ್ತಕದ ಪದ್ಧತಿ, ಈಗ ಯಾವ ಮದುಮಗಳಾದರೂ ಇದನ್ನು ಹೇಳಬಹುದಾದದ್ದು, ಒಂದು ರೀತಿಯಲ್ಲಿ ಮಾಮಾ ಊರೂರಿಗೆ ಹೋದಂತೆ ಆದದ್ದು. ನನ್ನ ಮಾತು ನನಗೇ ಬಹಳ ಚೆನ್ನಾಗಿ ಕೇಳಿಸಿತು.

ಅತ್ತಿ ಚಷ್ಮಾ ತೆಗೆದರು. “ಯಾರ ಬೇಕಾದವರು ಕುಂಡ್ರಲಿ ಅಂತ ಅವರು ಟಾವೆಲ್ ಹಾಸಿದ್ದಿಲ್ಲೋ,” ಎಂದರು. ಸಿಟ್ಟಿನಿಂದಲ್ಲ. ಹಾಗೆಂದು ಎದ್ದು ಹೋಳಿಗೆಯ ಹೂರಣ ನೋಡಲು ಹೋದರು.

ಏಪ್ರಿಲ್ 3, ಗುರುವಾರ

ಇತಿಹಾಸದಲ್ಲಿ ದಾಖಲಾಗಬೇಕಾದ ಒಳಸಂಚು. ಸ್ಥಳ: ಪ್ರೆಸ್ಸಿನ ಕಂಪ್ಯೂಟರ್ ಕೋಣೆ. ಕಾಲ: ಕಾಕಾ ಊಟಕ್ಕೆ ಹೋದ ಮುಕ್ಕಾಲು ತಾಸು. ಸಹಸಂಚುಗಾರ: ಅಕ್ಷರ ಜೋಡಿಸುವ ಪೀರಪ್ಪ, ವಯಸ್ಸು ಐವತ್ತು, ಹಲ್ಲು ಕಡಿಮೆ. ಎಂಟು ಚುಕ್ಕಿ ಅಳಿಸಿ ಅಲ್ಲಿ ‘ಚನ್ನವೀರಪ್ಪ’ ಎಂದು ಹಾಕಿಸಿದೆ. ಪೀರಪ್ಪ ಒಂದು ಸಲ ನನ್ನ ಮುಖ ನೋಡಿ, ಆ ಬಸ್ಸಿನಲ್ಲಿ ತಾನೂ ಓಡಾಡಿದವನು ಎಂದ. ಒಳಪುಟಗಳು ಸಂಜೆಯೇ ಅಚ್ಚಿಗೆ ಹೋದವು. ಹೊದಿಕೆ ಮಾತ್ರ ಉಳಿದಿದೆ. ಅದು ಇದೇ ತಿಂಗಳ ಇಪ್ಪತ್ತಕ್ಕಿರುವ ಅಣ್ಣ ಯೋಗಿರಾಜನ ಮದುವೆಯ ನಂತರವಂತೆ.

ಈ ಕೃತ್ಯಕ್ಕೆ ಕಾರಣ, ಕಾಕಾರ ಮುಖ ಹೇಗಾಗುತ್ತದೆಂದು ನೋಡುವ ಆಸೆ. ಬೇರೆ ಏನೂ ಇಲ್ಲ ಎಂದು ಇಲ್ಲಿ ಪ್ರಮಾಣೀಕರಿಸುತ್ತೇನೆ.

ಏಪ್ರಿಲ್ 11, ಶುಕ್ರವಾರ

ಭಾವೀ ವೈನಿ, ಅಂದರೆ ಅಣ್ಣನ ಕೈ ಹಿಡಿಯಲಿರುವ ರೂಪಾಲಿ, ಸೊಲ್ಲಾಪುರದಿಂದ ಗುಟ್ಟಾಗಿ ಫೋನು ಮಾಡಿದ್ದಳು. ಅವಳು ಓದಿದ್ದೆಲ್ಲ ಮರಾಠಿ. ಮನೆಯಲ್ಲಿ ಅಜ್ಜಿಯ ಜೊತೆ ಕನ್ನಡ ಮಾತಾಡುತ್ತಾಳೆ, ಅಕ್ಷರ ಓದಲು ಬರುವುದಿಲ್ಲ. ಹೊಸ್ತಿಲಲ್ಲಿ ಮಾನ ಹೋಗದಂತೆ ಒಂದು ಒಡಪು ಬೇಕು, ನೀವು ಹೇಳಿ ಕಳಿಸಿರಿ, ನಾನು ಮರಾಠಿಯಲ್ಲಿ ಬರೆದುಕೊಂಡು ಪಾಠ ಮಾಡುತ್ತೇನೆ ಎಂದಳು.

ಐದು ಆರಿಸಿ, ಓದಿ, ಮೊಬೈಲಿನಲ್ಲಿ ದನಿ ಮುದ್ರಿಸಿ ಕಳಿಸಿದೆ. ನಾಲ್ಕರಲ್ಲಿ ಚುಕ್ಕಿ ಬಂದ ಕಡೆ ತಡೆದು ತಡೆದು ಅಣ್ಣನ ಹೆಸರು ಹಾಕಿದೆ. ಐದನೆಯದು ಎಪ್ಪತ್ತಮೂರು, ಅದು ಮಾತ್ರ ಒಂದೇ ಉಸಿರಿಗೆ ಬಂತು, ಅಡ್ಡಿಯಿಲ್ಲದೆ. ಅವಳು ಅದನ್ನೇ ಹಿಡಿದಳು. ಮಿಕ್ಕವು ಪೇಢೆ ತಿಂದಂತಿವೆ, ಇದರಲ್ಲಿ ಗಾಳಿ ಇದೆ ಎಂದಳು. ಆಚಾರ್ಯರು ಈ ಅಭಿಪ್ರಾಯವನ್ನು ಮೂರು ಸಲ ಕೇಳಿಸಿಕೊಂಡರು.

ಏಪ್ರಿಲ್ 21, ಸೋಮವಾರ

ನಿನ್ನೆ ಅಣ್ಣನ ಮದುವೆಯಾಯಿತು. ಮದುವೆ ಚೆನ್ನಾಗಿಯೇ ಆಯಿತು. ನಾನು ಬರೆಯಬೇಕಾದದ್ದು ಆಮೇಲಿನದು.

ಸಂಜೆ ಹೆಣ್ಣುಗಂಡು ಮನೆಗೆ ಬಂದರು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು, ಅದರಾಚೆ ಎರಡೂ ಕೈ ಚಾಚಿ ನಂದಾ, ಅವಳ ಹಿಂದೆ ಆರತಿ ಹಿಡಿದ ಅವ್ವ, ಅವ್ವನ ಹಿಂದೆ ಓಣಿಯ ಹೆಂಗಸರೆಲ್ಲ. ಅತ್ತಿ ಎಲ್ಲರಿಗಿಂತ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ, ಕೈಯಲ್ಲಿ ಸೌಟು. ಹೆಸರು ಹೇಳು ಹೆಸರು ಹೇಳು ಎಂದು ಗದ್ದಲ ಎದ್ದಿತು. ರೂಪಾಲಿ ಕಣ್ಣು ಮುಚ್ಚಿದಳು. ಒಂದು ಅಕ್ಷರ ತಪ್ಪದೆ, ನಾನು ಕಳಿಸಿದ ರಾಗದಲ್ಲೇ, ಸ್ಪಷ್ಟವಾಗಿ, ನಾಲ್ಕು ಸಾಲನ್ನೂ ಹೇಳಿದಳು. ಚನ್ನವೀರಪ್ಪ ಅಂತ ಅವರ ಹೆಸರು, ನನ್ನ ಜಾಗಾ ಹಿಡದಿಟ್ಟಾರ.

ಆಗ ನನಗೆ ಹೊಳೆಯಿತು. ಆ ಐದನೆಯದರಲ್ಲಿ ನಾನು ಹೆಸರು ಬದಲಿಸಿರಲೇ ಇಲ್ಲ.

ಗದ್ದಲ ಮಾಡುತ್ತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆರತಿಯ ದೀಪದ ಸುತ್ತ ಒಂದು ಹುಳ ಸುತ್ತುತ್ತಿದ್ದುದು ಕಾಣುತ್ತಿತ್ತು. ಅಣ್ಣ ಬಾಸಿಂಗದ ಹಿಂದಿನಿಂದ ನನ್ನನ್ನು ಹುಡುಕುತ್ತಿದ್ದ. ರೂಪಾಲಿ ಕಣ್ಣು ತೆರೆದು ಒಬ್ಬೊಬ್ಬರ ಮುಖ ನೋಡಿದಳು. ಅದು ಅಣ್ಣನ ತೊಟ್ಟಿಲ ಹೆಸರು ಎಂದುಕೊಂಡಿದ್ದಳಂತೆ. ಅವಳ ತಮ್ಮನಿಗೂ ಎರಡು ಹೆಸರಿವೆಯಂತೆ. ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡಳು. ಹಿಂದಿನ ಸಾಲಿನಲ್ಲಿ ಯಾರೋ, ಹೋದವರ ಹೆಸರಲ್ಲೇನು ಇದು ಎಂದು ಪಿಸುಗುಟ್ಟಿದರು. ನಾನು ಕಟ್ಟೆಯ ಮೇಲೆ ಟಾವೆಲಿನಂತೆ ಮಡಿಸಿಕೊಂಡು ಕುಳಿತಿದ್ದೆ. ಮಾಡಿದ್ದು ನಾನು ಎನ್ನಲು ಬಾಯಿ ತೆರೆದೆ. ಹಾಗೆಯೇ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡತೊಡಗಿದೆ.

ಹೆಂಗಸರು ಎರಡು ಪಾಲಾಗಿ ಸರಿದರು. ಅತ್ತಿ ಬರುತ್ತಿದ್ದರು. ಸೌಟನ್ನು ನಂದಾಳ ಕೈಗೆ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಹೊಸ್ತಿಲ ಒಳಗೆ ನಿಂತು ಮದುಮಗಳ ಗಲ್ಲ ಮುಟ್ಟಿದರು.

“ಆ ಹೆಸರು ನಂದವಾ. ನನಗ ಕೊಡು. ನಿಂದು ನಿನ್ನ ಬಾಜೂಕ ನಿಂತೈತಿ, ನೋಡು.”

ಆಮೇಲೆ ಅತ್ತಿ ತಾವೇ ಹೇಳಿದರು. ಅವಸರ ಮಾಡಲಿಲ್ಲ. ಟಾವೆಲು ಹೊರಗೆ ಬಿದ್ದದ್ದು, ತಿಕೀಟು ಹರಿದದ್ದು, ಗಾಳಿ ಬೀಸಿದ್ದು, ಎಲ್ಲ ಒಂದೊಂದಾಗಿ. ನಾಲ್ಕನೆಯ ಸಾಲಿನಲ್ಲಿ ಒಂದು ಗಳಿಗೆ ನಿಂತು, ಆರು ವರ್ಷ ಇಟ್ಟಿದ್ದನ್ನು ಪೆಟ್ಟಿಗೆಯಿಂದ ತೆಗೆಯುವವರ ಹಾಗೆ ಹೆಸರು ಹೇಳಿದರು. ಆ ಸಾಲು ನಾನು ಬರೆದದ್ದೆಂದು ನನಗೆ ಅನ್ನಿಸಲೇ ಇಲ್ಲ.

ಅವ್ವ ಏನೆನ್ನುತ್ತಾಳೋ ಎಂದು ಎಲ್ಲರೂ ಅವಳ ಕಡೆ ನೋಡಿದರು. ಅವ್ವ ಆರತಿ ತಟ್ಟೆಯನ್ನೇ ನೋಡುತ್ತಿದ್ದಳು. ಕೊನೆಗೆ, “ಇನ್ನೊಮ್ಮೆ ಹೇಳು, ದ್ರೌಪದಿ,” ಎಂದಳು. “ಹಿಂದಿನವರಿಗೆ ಕೇಳಲಿಲ್ಲ.”

ಅತ್ತಿ ಇನ್ನೊಮ್ಮೆ ಹೇಳಿದರು. ರೂಪಾಲಿ ಮೂಗು ಒರೆಸಿಕೊಂಡು, ಯಾರೂ ಕಲಿಸದೆ, ಅಲ್ಲಿಯೇ ನಿಂತು ತನ್ನದನ್ನು ಕಟ್ಟಿದಳು:

ಫೋನಿನ್ಯಾಗ ತಾಸಗಟ್ಲೆ ಮಾತಾಡತಾರ,
ಎದುರಿಗೆ ಬಂದ್ರ ಯೋಗಿರಾಜ ಬರೇ ನೀರು ಕುಡೀತಾರ.

ಅಣ್ಣನ ಕೈಯಲ್ಲಿ ಆಗಲೂ ನೀರಿನ ಲೋಟ ಇತ್ತು. ನಗುವಿಗೆ ಬಾಗಿಲು ತಾನಾಗಿ ಬಿಟ್ಟುಕೊಂಡಿತು. ಸೇರು ಉರುಳಿ ಅಕ್ಕಿ ನಡುಮನೆಯವರೆಗೂ ಹರಡಿತು.

ನನ್ನ ನೂರು ಬಟ್ಟಲುಗಳಲ್ಲಿ ಒಂದನ್ನೂ ನಿನ್ನೆ ಯಾರೂ ಮುಟ್ಟಲಿಲ್ಲ.

ಏಪ್ರಿಲ್ 22, ಮಂಗಳವಾರ

ಅತ್ತಿ ಬೆಳಿಗ್ಗೆ ಅಂಗಳ ಗುಡಿಸುತ್ತ ಮೆಲ್ಲಗೆ ಏನೋ ಅನ್ನುತ್ತಿದ್ದರು. ಹತ್ತಿರ ಹೋಗಲಿಲ್ಲ.

ಏಪ್ರಿಲ್ 25, ಶುಕ್ರವಾರ

ಕಾಕಾ ಕರೆಸಿದರು. ಮದುವೆಯ ಸುದ್ದಿ ಅವರಿಗೆ ಮುಟ್ಟಿತ್ತು. ಮೇಜಿನ ಮೇಲೆ ಹೊಲಿದ ಪುಸ್ತಕಗಳ ರಾಶಿ, ಹೊದಿಕೆಯಿಲ್ಲದೆ ಬೋಳಾಗಿ. ಪಕ್ಕದಲ್ಲಿ ಚುಕ್ಕಿ ಮುದ್ರಿಸಿದ ಸಣ್ಣ ಸಣ್ಣ ಕಾಗದದ ಪಟ್ಟಿಗಳು ಮತ್ತು ಗೋಂದು. ಎಷ್ಟೋ ದಿನದಿಂದ ಕಾಯುತ್ತಿದ್ದ ಅವರ ಮುಖವನ್ನು ಕೊನೆಗೂ ನೋಡಿದೆ. ಸುಸ್ತಾದ ಮುಖ, ಅಷ್ಟೇ. ನೋಡಿ ಸಂತೋಷವಾಗಲಿಲ್ಲ.

ದಾರಿ ಎರಡು ಎಂದರು. ಒಂದು, ನಾನೇ ಕುಳಿತು ಪ್ರತಿ ಪುಸ್ತಕದ ಆ ಹೆಸರಿನ ಮೇಲೆ ಪಟ್ಟಿ ಅಂಟಿಸುವುದು. ಇನ್ನೊಂದನ್ನು ಹೇಳುವ ಮೊದಲು ನೆತ್ತಿ ಕೆರೆದುಕೊಂಡರು. “ಆ ಹೆಸರು ಇರಲಿ ಅಂದ್ರ, ಹೊದಿಕಿ ಮ್ಯಾಲಿಂದ ನಿನ್ನ ಹೆಸರು ತಗೀಬೇಕಾಗತೈತಿ. ಹಳೇ ಮಂದಿ ಹೇಳಿದ್ದು ಅಂದ್ರ ಯಾರೂ ಕೇಳಂಗಿಲ್ಲ, ಅವರ ಒಡಪಿನ್ಯಾಗ ಯಾರರೇ ಹೆಸರು ಇರತಿತ್ತು. ನೀ ಬರದೀ ಅಂದ್ರ ಚಾಷ್ಟಿ ಅಂತಾರ. ನೀ ಎಂಥವ ಅಂತ ಊರಿಗೆ ಗೊತ್ತೈತಿ.”

ನ್ಯಾಯವಾದ ಮಾತು. ಇದೇ ಕಾಕಾರ ಕುರ್ಚಿಗೆ ನಾನು ಒಮ್ಮೆ ಗೋಂದು ಹಚ್ಚಿದ್ದುಂಟು.

ಒಂದು ಪುಸ್ತಕ ತೆಗೆದು ಪಟ್ಟಿಗೆ ಗೋಂದು ಹಚ್ಚಿದೆ. ಪಟ್ಟಿ ಬೆರಳ ತುದಿಗೆ ಅಂಟಿಕೊಂಡಿತು. ಕಿಟಕಿಯಾಚೆ ಮಗ್ಗಗಳು ಖಟಕ್ ಖಟಕ್ ಎನ್ನುತ್ತಿದ್ದವು. ಸ್ವಲ್ಪ ಹೊತ್ತು ಬೆರಳನ್ನೇ ನೋಡುತ್ತ ಕುಳಿತೆ. ಆಮೇಲೆ ಎದ್ದು ಹೋಗಿ, ಗೋಡೆಗೆ ಆನಿಸಿದ ಹೊದಿಕೆಯ ಮಾದರಿಯ ಮೇಲೆ, ‘ರಚನೆ’ ಎಂಬುದರ ಮುಂದಿದ್ದ ನನ್ನ ಹೆಸರು ಮುಚ್ಚುವಂತೆ, ಆ ಪಟ್ಟಿ ಅಂಟಿಸಿದೆ. ಸರಿಯಾಗಿ ಕೂತಿತು. ಪೀರಪ್ಪ ಎದ್ದು ಬಂದು ನೋಡಿ, ಹೀಗೇ ಅಚ್ಚು ಹಾಕಲೇನು ಎಂದು ಕೇಳಿದ. ಹೀಗೇ ಎಂದೆ. ಯಾರು ಬೇಕಾದರೂ ಕೂರಲಿ ಎಂದು ಚೇಷ್ಟೆಯನ್ನೂ ಮಾಡಿದೆ. ಯಾರೂ ನಗಲಿಲ್ಲ. ಕಾಕಾ ಚಹಾ ತರಿಸಿದರು.

ಡೈರಿಯ ಮೊದಲ ಪುಟದ ಸಹಿಗಳನ್ನು ಇವತ್ತು ನೋಡಿದೆ. ಏಳನೆಯದು ಅಷ್ಟೇನೂ ಚೆನ್ನಾಗಿಲ್ಲ.

ಮೇ 6, ಮಂಗಳವಾರ

ಅತ್ತಿ ಇವತ್ತು ನನ್ನ ಜೊತೆ ಸೊಲ್ಲಾಪುರಕ್ಕೆ ಬಂದರು. ರೂಪಾಲಿಯ ಅಜ್ಜಿಯನ್ನು ನೋಡುವುದಿತ್ತು. ನಿಲ್ದಾಣದಲ್ಲಿ ಯಾತ್ರಿಕರ ನೂಕುನುಗ್ಗಲು. ಬಸ್ಸು ತಿರುಗುತ್ತಲೇ ನಾನು ಓಡಿ, ಎಡಬದಿಯ ಮೂರನೇ ಕಿಟಕಿಗೆ ಟಾವೆಲು ಒಗೆದೆ. ನಮ್ಮ ಅಂಗಡಿಯದೇ, ಗುಲಾಬಿ ಹೂವಿನದು.

“ಅವರು ಇದ್ದಿದ್ರ ಹೊರಗ ಒಗೀತಿದ್ರು,” ಎಂದರು ಅತ್ತಿ. ಹಾಗೆನ್ನುತ್ತಲೇ ಟಾವೆಲು ಮಡಚಿ ತೊಡೆಯ ಮೇಲಿಟ್ಟುಕೊಂಡು ಕುಳಿತರು.

ಹೊಸ ಪುಸ್ತಕ ಕೈಗೆ ಕೊಟ್ಟೆ. ಎಪ್ಪತ್ತಮೂರನೆಯ ಒಡಪಿದ್ದ ಪುಟ ತೆರೆದು, ಓದದೆ, ಅಂಗೈ ಅದರ ಮೇಲಿಟ್ಟು ಸ್ವಲ್ಪ ಹೊತ್ತು ಹೊರಗೆ ನೋಡಿದರು. ಕೊಯ್ದ ಜೋಳದ ಹೊಲಗಳು ಬಿಸಿಲಲ್ಲಿ ಬೆಳ್ಳಗೆ ಮಲಗಿದ್ದವು. ಆಮೇಲೆ ಪುಸ್ತಕ ಮುಚ್ಚಿ ಹೊದಿಕೆ ನೋಡಿದರು. ಚುಕ್ಕಿಗಳ ಮೇಲೆ ಬೆರಳಾಡಿಸಿ, ಏನೂ ಕೇಳದೆ, ನನ್ನ ಅಂಗಿಯ ಜೇಬಿನಿಂದ ಪೆನ್ನು ಕಿತ್ತುಕೊಂಡರು. ಬಸ್ಸು ಕುಲುಕಾಡುತ್ತಿತ್ತು. ಒಂದೊಂದೇ ಅಕ್ಷರ, ಇರುವೆ ಹತ್ತಿದಂತೆ, ಚುಕ್ಕಿಗಳ ಮೇಲೆ ಬರೆದರು.

ನಿಲ್ಯಾ.

ಇತಿಹಾಸ ಕ್ಷಮಿಸುವುದಿಲ್ಲ ಎಂದು ನೆನಪಿಸಬೇಕೆಂದಿದ್ದೆ. ಅಷ್ಟರಲ್ಲಿ ಕಂಡಕ್ಟರ್ ಬಂದು, ನಮ್ಮಿಬ್ಬರ ಗುರುತಿಲ್ಲದವನ ಹಾಗೆ ತಿಕೀಟು ಕೊಟ್ಟು ಮುಂದೆ ಹೋದ. ಕಿಟಕಿಯ ಗಾಳಿ ಪೂರಾ ಅತ್ತಿಯ ಕಡೆಗೇ ಬರುತ್ತಿತ್ತು.